ಬರೀ ಫಾರ್ವರ್ಡ್ ಮಾಡಿದ್ದು ಅನ್ನೋರಿಗೆ

ನಾಲ್ಕು ದಿನದಿಂದ ಮಳೆ ಹೊಳವೇ ಆಗಿಲ್ಲ. ಎರಡನೇ ಕೊಳೆ ಔಷಧಿ ಬಾಕಿ ಇದೆ, ಮರ ಜಾರುತ್ತೆ ಅಂತ ಯಾರೂ ಹತ್ತಲ್ಲ. ಮನೇಲಿ ಕೂತವನು ಅರ್ಧಕ್ಕೆ ನಿಂತ ಒಂದು ಜಗಳ ಮುಗಿಸ್ತೇನೆ.

ನಮ್ಮ ಅಡಿಕೆ ವಾಟ್ಸಾಪ್ ಗುಂಪಲ್ಲಿ 600 ಜನ ಇದ್ದೇವೆ. ಮೊನ್ನೆ ಒಬ್ಬರು ಒಂದು ಕೃಷಿ ಮಾಸಿಕದ ಈ ತಿಂಗಳ ಸಂಚಿಕೆಯನ್ನ ಪೂರ್ತಿ ಪಿಡಿಎಫ್ ಮಾಡಿ ಹಾಕಿದರು. ನಾನು ಬರೆದ ಕಾಳುಮೆಣಸಿನ ಲೇಖನವೂ ಅದರಲ್ಲಿತ್ತು. ತೆಗೀರಿ ಮಾರಾಯ್ರೇ ಅಂದೆ. "ರೈತರಿಗೆ ಜ್ಞಾನ ಹಂಚೋದೂ ತಪ್ಪಾ? ನಾವೇನು ದುಡ್ಡು ತಗೊಂಡ್ವಾ? ಬಂದಿದ್ದನ್ನ ಬರೀ ಫಾರ್ವರ್ಡ್ ಮಾಡಿದ್ದು" ಅಂತ ಉತ್ತರ ಬಂತು. ಇಪ್ಪತ್ತು ಜನ ಅದಕ್ಕೆ ಹೆಬ್ಬೆಟ್ಟು ಒತ್ತಿದರು.

ದುಡ್ಡಿನ ಮಾತು ಮೊದಲು. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಓದಿ. ಗೊತ್ತಿದ್ದೂ ಹಕ್ಕು ಮುರಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕೆ ಮಾಡಿದ್ದಲ್ಲದಿದ್ರೆ ಕೋರ್ಟು ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಕಡಿಮೆ ಮಾಡಬಹುದು ಅಂತಿದೆ, ತಪ್ಪೇ ಅಲ್ಲ ಅಂತಿಲ್ಲ. ಇದು ವಾರಂಟ್ ಇಲ್ಲದೆ ಹಿಡಿಯಬಹುದಾದ, ಜಾಮೀನುರಹಿತ ಅಪರಾಧ ಅಂತ 2022ರ ಮೇನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಪಿಡಿಎಫ್ ಹಾಕಿದವರ ಮನೆಗೆಲ್ಲ ಜೀಪು ಬರುತ್ತೆ ಅಂತ ಹೆದರಿಸ್ತಿಲ್ಲ, ಠಾಣೆಯವರಿಗೆ ಬೇರೆ ಕೆಲಸ ಇದೆ. ಆದರೆ ಪತ್ರಿಕೆಯವರು ಒಂದು ದಿನ ದೂರು ಕೊಟ್ಟರೆ ಈ 'ಬರೀ ಫಾರ್ವರ್ಡ್' ಯಾರನ್ನೂ ಕಾಪಾಡಲ್ಲ.

ಸ್ವಂತ ಓದಿಗೆ ಒಂದು ಪ್ರತಿ ಇಟ್ಕೊಳ್ಳೋಕೆ 52ನೇ ಸೆಕ್ಷನ್ ಸ್ವಲ್ಪ ಜಾಗ ಬಿಟ್ಟಿದೆ. 600 ಜನರ ಗುಂಪಿಗೆ ಹಾಕೋದು ಸ್ವಂತ ಓದಲ್ಲ.

ಹಾಗಾದ್ರೆ ಟೆಲಿಗ್ರಾಮಿಗೆ ಹೋಗೋಣ, ಅಲ್ಲಿ ನಂಬರೇ ಕಾಣಲ್ಲ ಅಂತ ಇನ್ನೊಬ್ಬರು. ದೆಹಲಿಯಲ್ಲಿ ಒಬ್ಬ ಶಿಕ್ಷಕಿಯ ಪುಸ್ತಕ, ಪಾಠ ಎಲ್ಲ ಟೆಲಿಗ್ರಾಮ್ ಚಾನೆಲ್‌ಗಳಲ್ಲಿ ಹರಿದಾಡಿ ಹೈಕೋರ್ಟಿಗೆ ಹೋಯ್ತು. ಸರ್ವರ್ ಸಿಂಗಾಪುರದಲ್ಲಿದೆ, ಹೆಸರು ಕೊಡೋಕಾಗಲ್ಲ ಅಂತ ಕಂಪನಿ ವಾದಿಸ್ತು. ನಡೀಲಿಲ್ಲ. 2022ರಲ್ಲೇ ಚಾನೆಲ್ ನಡೆಸೋರ ಹೆಸರು, ಫೋನ್ ನಂಬರ್, ಐಪಿ ವಿಳಾಸ ಮುಚ್ಚಿದ ಲಕೋಟೇಲಿ ಕೋರ್ಟಿಗೆ ಹೋಯ್ತು.

ಎಲ್ಲಕ್ಕಿಂತ ಕೆಟ್ಟದ್ದು ಟೊರೆಂಟ್. ಇದು ನಮ್ಮ ಮನೆಯದೇ ಕಥೆ, ಮುಚ್ಚಿಡಲ್ಲ. ಹೋದ ವರ್ಷ ಇಂಟರ್ನೆಟ್ ಆಮೆ ಥರ ಆಯ್ತು ಅಂತ ಕೇಬಲ್ ಹುಡುಗನಿಗೆ ಬೈದು ಕರೆಸಿದೆ. ಅವನು ಕಂಪ್ಯೂಟರ್ ತೆರೆದು ತೋರಿಸಿದ. ನನ್ನ ಮಗ ಒಂದು ಹೊಸ ಸಿನಿಮಾ ಇಳಿಸಿ, ನೋಡಿ, ಮರೆತೂ ಬಿಟ್ಟಿದ್ದ. ಕಂಪ್ಯೂಟರ್ ಮಾತ್ರ ಮೂರು ದಿನದಿಂದ ಅದನ್ನ ಊರಿಗೆಲ್ಲ ಹಂಚ್ತಾ ಇತ್ತು. ಇಳಿದದ್ದಕ್ಕಿಂತ ಹೊರಗೆ ಹೋದದ್ದೇ ಜಾಸ್ತಿ! ಟೊರೆಂಟಲ್ಲಿ ಫೈಲು ಚೂರುಚೂರಾಗಿ ಬರುತ್ತೆ; ಬಂದ ಚೂರನ್ನ ನಮ್ಮ ಯಂತ್ರ ಆಗಲೇ ಬೇರೆಯವರಿಗೆ ಕೊಡ್ತಿರುತ್ತೆ. ಮುಯ್ಯಾಳಿನ ಲೆಕ್ಕ, ಆದರೆ ನಮ್ಮನ್ನ ಕೇಳದೇ ಕೆಲಸಕ್ಕೆ ಕಳಿಸಿರ್ತಾರೆ. ಆ ಸಾಲಿನಲ್ಲಿ ನಿಂತ ಎಲ್ಲರಿಗೂ ನಮ್ಮ ಐಪಿ ವಿಳಾಸ ಕಾಣುತ್ತೆ. ಹಕ್ಕಿರೋ ಕಂಪನಿಯವನೂ ಅದೇ ಸಾಲಲ್ಲಿ ನಿಂತು ಬರ್ಕೊಬಹುದು. ಜರ್ಮನಿಗೆ ಓದೋಕೆ ಹೋದ ನಮ್ಮ ಕಡೆ ಹುಡುಗರನ್ನ ಕೇಳಿ, ಅಲ್ಲಿ ವಕೀಲರು ಹೀಗೇ ಐಪಿ ಹಿಡಿದು ಮನೆಗೆ ಪತ್ರ ಹಾಕಿ ನೂರಾರು ಯೂರೋ ಕೇಳ್ತಾರೆ. ನಮ್ಮನೆ ಕನೆಕ್ಷನ್ ಇರೋದು ಮಗನ ಹೆಸರಲ್ಲಲ್ಲ, ನನ್ನ ಹೆಸರಲ್ಲಿ.

ಇನ್ನು ಜ್ಞಾನ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಈ ಬೋರ್ಡೋ ಲೆಕ್ಕ ಯಾರಪ್ಪನ ಸ್ವತ್ತೂ ಅಲ್ಲ, ಸಾವಿರ ಗುಂಪಿಗೆ ಹಾಕಿ. ಕಾಯ್ದೆ ಕಾಯೋದು ವಿಷಯವನ್ನಲ್ಲ, ಅದನ್ನ ಒಬ್ಬ ಕೂತು ಬರೆದ ಬರಹವನ್ನ. ಓದಿದ್ದನ್ನ ನಿಮ್ಮ ಮಾತಲ್ಲಿ, ನಿಮ್ಮ ತೋಟದ ಅನುಭವ ಸೇರಿಸಿ ಬರೀರಿ, ಯಾರು ಬೇಡ ಅಂದ್ರು? ಸರ್ಕಾರದ ದುಡ್ಡಲ್ಲಿ ಅಚ್ಚಾದ ಕೈಪಿಡಿ ಕಪಾಟಲ್ಲಿಟ್ಟು ಬೀಗ ಹಾಕೋರ ಮೇಲೆ ನನಗೂ ಸಿಟ್ಟಿದೆ. ಅವರ ಹತ್ರ ಜಗಳಕ್ಕೆ ಹೋಗೋದಾದ್ರೆ ನಾನೂ ಬರ್ತೇನೆ. ಆದರೆ ಚಂದಾ ಹಣದಲ್ಲೇ ಉಸಿರಾಡೋ ಪತ್ರಿಕೆ ಮೇಲೆ ಯಾಕೆ ಈ ಶೌರ್ಯ? ನನ್ನ ಲೇಖನಕ್ಕೆ ಅವರು 500 ರೂಪಾಯಿ ಕಳಿಸಿದರು. ತೋಟದ ಕೆಲಸ ಬಿಟ್ಟು ಬರೆದವನಿಗೆ ಅದೂ ಒಂದು ಮರ್ಯಾದೆ. ಗುಂಪಿನ 600 ಜನರಲ್ಲಿ ಚಂದಾ ಕಟ್ಟಿದವರು ಎಷ್ಟು ಅಂತ ಕೇಳಿದೆ. ಆಗ ಒಂದು ಹೆಬ್ಬೆಟ್ಟೂ ಬರಲಿಲ್ಲ.

ಅಡ್ಮಿನ್ ಅಣ್ಣ, ಇದನ್ನ ಬರೆಯೋ ಹೊತ್ತಿಗೂ ಆ ಪಿಡಿಎಫ್ ಗುಂಪಲ್ಲೇ ಇದೆ. ಒತ್ತಿ ಹಿಡಿದ್ರೆ ಎಲ್ಲರಿಗೂ ಅಳಿಸೋ ಆಯ್ಕೆ ನಿಮಗೆ ಬರುತ್ತೆ. ಓದಬೇಕು ಅನ್ನೋರು ನಮ್ಮನೆಗೆ ಬನ್ನಿ, ಎರಡು ವರ್ಷದ ಸಂಚಿಕೆ ಜಗಲಿ ಮೇಲಿದೆ. ಪುಸ್ತಕ ಕೈಯಿಂದ ಕೈಗೆ ಕೊಡೋಕೆ ಯಾವ ಕಾಯ್ದೆಯೂ ಅಡ್ಡ ಬರಲ್ಲ. ವಾಪಸ್ ತಂದು ಕೊಡಿ ಅಷ್ಟೇ, ಹೋದ ವರ್ಷದ ಮೂರು ಸಂಚಿಕೆ ಯಾರ ಮನೇಲಿವೆಯೋ ಇನ್ನೂ ಬಂದಿಲ್ಲ.