ನಾಯಿ ಮನೆ ಬಿಟ್ಟರೆ ಕಾಡಿಗೂ ಕೇಡು

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವಲಯಕ್ಕೆ ಹಾರೋಹಳ್ಳಿಯದೇ ಹೆಸರು. ಹೀಗಾಗಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ತಪ್ಪಿಸಿಕೊಂಡ ಸಾಕುನಾಯಿಯ ಚಿಂತೆ ಅದರ ಯಜಮಾನನೊಬ್ಬನದೇ ಅಲ್ಲ. ಲಾರಿಗಳ ಗಾಲಿಗೆ ಸಿಗದೆ ಕಾಡಂಚು ಸೇರಿದ ನಾಯಿ ಚಿರತೆಗೆ ಆಹಾರವಾಗಬಹುದು; ಜಿಂಕೆ, ಮೊಲಗಳನ್ನು ಅಟ್ಟಬಹುದು; ರೇಬೀಸ್, ಡಿಸ್ಟೆಂಪರ್ ರೋಗಗಳನ್ನು ವನ್ಯಜೀವಿಗಳಿಗೆ ದಾಟಿಸಬಹುದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಕೆಲವುಗಳಲ್ಲಿ ಡಿಸ್ಟೆಂಪರ್ ವೈರಾಣು ಪತ್ತೆಯಾಗಿತ್ತು.

ಹಾಗೆಂದು ಹಗಲಿರುಳು ಸರಪಳಿ ಬಿಗಿಯುವುದು ಪರಿಹಾರವಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಒದಗಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಬೆದೆ, ಹಸಿವು, ಪಟಾಕಿಯ ಭಯ, ಒಂಟಿತನ ಇವೇ ನಾಯಿಯನ್ನು ಹೊರಗೆ ಅಟ್ಟುವ ಕಾರಣಗಳು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬೆದೆಯ ಅಲೆದಾಟ ತಗ್ಗುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಬೆಳಗು ಬೈಗು ಹಗ್ಗ ಹಿಡಿದು ತಿರುಗಾಟ, ಸಂದಿಲ್ಲದ ಬೇಲಿ, ರಾತ್ರಿಗೆ ಚಿರತೆ ನುಗ್ಗದಂಥ ಭದ್ರ ಗೂಡು ಇದ್ದರೆ ನಾಯಿ ಮನೆ ಬಿಡುವುದು ಅಪರೂಪ. ಕಾಲಕಾಲಕ್ಕೆ ಲಸಿಕೆಯನ್ನಂತೂ ತಪ್ಪಿಸಬಾರದು.

ಕಾರ್ಖಾನೆಗಳಿಗೂ ಹೊಣೆಯಿದೆ. ಬಯಲಿಗೆ ಸುರಿದ ಎಂಜಲು ಮನೆಯ ನಾಯಿಯನ್ನೂ ಬೀದಿಗೆ ಸೆಳೆಯುತ್ತದೆ. ನಾಯಿಗಳ ಹಿಂದೆಯೇ ಚಿರತೆಯೂ ಊರಿಗೆ ಬರುತ್ತದೆ. ಅಂಥ ದಿನ ಸೆರೆಯಾಗುವುದು ಚಿರತೆ, ತಪ್ಪು ಮಾತ್ರ ಮನುಷ್ಯರದು.