ಅಗ್ಗದ ಕಾರ್ಡು, ಅತ್ತೆಯವರ ನಗು



ಹೋದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ವಿಷಯ ಬರೆದಾಗಿತ್ತು. ಈ ಸಲ ಮಿಡಿ ಉಪ್ಪಿನಕಾಯಿಗೆ ಬರೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಒಬ್ಬ ಸೋದರಿಯ ಪತ್ರ ಬಂತು. ಮಗಳಿಗೆ ಫೋಟೋ ತೆಗೆಯುವ ಹುಚ್ಚು ಹತ್ತಿದೆಯಂತೆ, ಡಿಜಿಟಲ್ ಕ್ಯಾಮರಾ ಕೊಡಿಸೆಂದು ಹಟ ಹಿಡಿದಿದ್ದಾಳಂತೆ. "ಅಂಗಡಿಯವರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಗ್ಗದಲ್ಲಿ ತಗೊಂಡರೆ ಮೋಸ ಹೋಗುವ ಭಯ. ಏನು ಮಾಡಲಿ ಅಕ್ಕಾ?" ಎಂದು ಕೇಳಿದ್ದಾರೆ.

ಒಗ್ಗರಣೆ ಹಾಕುವವಳಿಗೆ ಕ್ಯಾಮರಾದ ಸಂಗತಿ ಏನು ಗೊತ್ತು ಅಂತ ನಗಬೇಡಿ. ಈ ವಿಷಯದಲ್ಲಿ ಪೆಟ್ಟು ತಿಂದವಳು ನಾನು. ಪೆಟ್ಟು ತಿಂದವರ ಮಾತಿಗೆ ಸ್ವಲ್ಪ ಬೆಲೆ ಕೊಡಬಹುದು.

2022ರ ಮಾರ್ಚ್‌ನಲ್ಲಿ ನಮ್ಮ ಮಾವನವರಿಗೆ ಸಹಸ್ರಚಂದ್ರದರ್ಶನ ಶಾಂತಿ ಮಾಡಿದೆವು. ಸ್ಟುಡಿಯೋದವರನ್ನು ಕರೆಸಿದರೆ ಸಾವಿರಾರು ರೂಪಾಯಿ. ಮಗಳ ಹತ್ತಿರ ಆಗಲೇ ಒಂದು ಕ್ಯಾಮರಾ ಇತ್ತು. ಶಿವಮೊಗ್ಗದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ನೋಡಿ, ಪರೀಕ್ಷೆ ಮಾಡಿ, 18 ಸಾವಿರಕ್ಕೆ ತಂದಿದ್ದಳು. "ನಾನೇ ತೆಗೀತೀನಮ್ಮ, ಆದ್ರೆ ಇದರ ಕಾರ್ಡು ಚಿಕ್ಕದು, ದೊಡ್ಡದೊಂದು ಬೇಕು" ಅಂದಳು. ಸಾಮಾನಿಗೆಂದು ಪೇಟೆಗೆ ಹೋದವಳು ನಾನು. ಕ್ಯಾಮರಾ ಅಂಗಡಿಯಲ್ಲಿ 64 ಜಿಬಿ ಕಾರ್ಡಿಗೆ 600 ರೂಪಾಯಿಗೂ ಮೇಲೆ ಹೇಳಿದರು. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಕವರು, ಇಯರ್‌ಫೋನು ಹರಡಿಕೊಂಡು ಕೂತವನ ಹತ್ತಿರ ಅದೇ ಕಂಪೆನಿಯ ಹೆಸರು, ಅದೇ ಬಣ್ಣ, ಅದೇ 64 ಜಿಬಿ. ಬೆಲೆ 280! ಚೌಕಾಸಿ ಮಾಡಿ 250ಕ್ಕೆ ತಂದೆ. ಮನೆಗೆ ಬಂದು ನಮ್ಮವರ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ.

ಶಾಂತಿಯ ದಿನ ಬೆಳಿಗ್ಗೆ ಮಗಳು ಹೋಮದ ವಿಡಿಯೊ ತೆಗೆದಳು, ಸುಮಾರು ಅರ್ಧ ಗಂಟೆ. ಆಮೇಲೆ ಫೋಟೋಗಳು. ಊಟವಾದ ಮೇಲೆ ಹೊಸನಗರದಿಂದ ಬಂದಿದ್ದ ಅತ್ತೆಯವರ ಅಕ್ಕ ಜಗಲಿಯ ಮೇಲೆ ತಂಬುಲದ ತಟ್ಟೆ ಮುಂದಿಟ್ಟುಕೊಂಡು ಕೂತರು. ಚಿಕ್ಕಂದಿನಲ್ಲಿ ಇಬ್ಬರೂ ತೋಟದ ಮಾಲಿಗೆ ಹೆದರಿ ಪೇರಲೆ ಮರದಿಂದ ಬಿದ್ದ ಕಥೆ ತೆಗೆದರು. ನಮ್ಮ ಅತ್ತೆಯವರು ಫೋಟೋ ಎಂದರೆ ಸಾಕು, ಹಲ್ಲು ಹೋಗಿದೆಯೆಂದು ಬಾಯಿಗೆ ಸೆರಗು ಹಿಡಿಯುತ್ತಿದ್ದ ಹೆಂಗಸು. ಆ ದಿನ ಸೆರಗು ಮರೆತು, ಅಕ್ಕನ ಹೆಗಲ ಮೇಲೆ ಕೈ ಹಾಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಗಳು ಒಂದರ ಮೇಲೊಂದು ತೆಗೆದೇ ತೆಗೆದಳು. ಕ್ಯಾಮರಾದ ಹಿಂದಿನ ಪರದೆಯಲ್ಲಿ ಒಂದು ಕ್ಷಣ ನಾನೂ ನೋಡಿದೆ. "ಅತ್ತೇ, ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಅಂದೆ. "ಹೋಗೇ, ಬೊಚ್ಚು ಬಾಯಿ ಕಾಣುತ್ತೆ, ಅಳಿಸ್ಹಾಕು ಅನ್ನು" ಅಂದರು. ಅಳಿಸುವುದೇ ಬೇಕಾಗಲಿಲ್ಲ.

ಎರಡು ದಿನ ಬಿಟ್ಟು ಕಂಪ್ಯೂಟರಿಗೆ ಹಾಕಿದರೆ ಹೋಮದ ವಿಡಿಯೊ ಇದೆ, ಕಲಶ ಪೂಜೆಯ ಫೋಟೋಗಳಿವೆ. ಮಧ್ಯಾಹ್ನದ್ದು ಹೆಸರು ಮಾತ್ರ ಉಂಟು, ತೆರೆದರೆ ಏನೂ ಇಲ್ಲ. ಕೆಲವು ಅರ್ಧ ತೆರೆದು ಕೆಳಗೆ ಬೂದಿ ಬಣ್ಣ. ಅಳಿಸಿಹೋದ ಫೋಟೋಗಳನ್ನು ವಾಪಸು ತೆಗೆದುಕೊಡುತ್ತಾರೆಂದು ಕೇಳಿ ಒಂದು ಕಂಪ್ಯೂಟರ್ ಅಂಗಡಿಗೆ ಓಡಿದೆವು. ಅಲ್ಲಿಯ ಹುಡುಗ ಒಂದು ಗಂಟೆ ಪರೀಕ್ಷೆ ಮಾಡಿ, ಪಾಪ, ದುಡ್ಡೂ ತೆಗೆದುಕೊಳ್ಳದೆ ಹೇಳಿದ: "ಇದು 64 ಅಲ್ಲಮ್ಮ, 8 ಜಿಬಿ ಕಾರ್ಡು. ಫೋಟೋ ಕಳೆದುಹೋಗಿದ್ದಲ್ಲ, ಅದರೊಳಗೆ ಬರೆದೇ ಇಲ್ಲ."

ಹೇಗೆ ಅಂತೀರಾ? ಹಿಂದೆ ಕೆಲವು ವ್ಯಾಪಾರಿಗಳು ಸೇರಿನ ತಳಕ್ಕೆ ಒಳಗಿಂದ ಮೇಣ ಮೆತ್ತಿರುತ್ತಿದ್ದರೆಂದು ನಮ್ಮಮ್ಮ ಹೇಳುತ್ತಿದ್ದರು. ಹೊರಗಿನಿಂದ ನೋಡಿದರೆ ಸೇರೇ, ಅಕ್ಕಿ ಹಿಡಿಯುವುದು ಮುಕ್ಕಾಲು. ಈ ಕಾರ್ಡೂ ಹಾಗೇ. ಒಳಗೆ ಲೆಕ್ಕ ನೋಡಿಕೊಳ್ಳುವ ಒಂದು ಪುಟ್ಟ ಚಿಪ್ಪಿರುತ್ತದೆ. "ನನ್ನಲ್ಲಿ 64 ಜಾಗವಿದೆ" ಎಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಕ್ಯಾಮರಾ ನಂಬುತ್ತದೆ, ಕಂಪ್ಯೂಟರೂ ನಂಬುತ್ತದೆ. ಇರುವ 8 ತುಂಬುವವರೆಗೆ ಎಲ್ಲ ಸರಿ. ಆಮೇಲೆ ಹಾಕಿದ್ದು ತೂತು ಕೊಡಕ್ಕೆ ಸುರಿದ ನೀರು. ಕೆಲವು ಕಾರ್ಡುಗಳು ಮೊದಲು ಬರೆದದ್ದರ ಮೇಲೆಯೇ ಬರೆದು ಹಳೆಯದನ್ನೂ ಹಾಳು ಮಾಡುತ್ತವಂತೆ. ಆದರೆ ಫೈಲುಗಳ ಹೆಸರಿನ ಪಟ್ಟಿ ಕಾರ್ಡಿನ ಮೊದಲ ಭಾಗದಲ್ಲೇ ಇರುವುದರಿಂದ ಹೆಸರು ಮಾತ್ರ ಉಳಿದಿರುತ್ತದೆ. ತೆಗೆದ ಕೂಡಲೇ ಪರದೆಯಲ್ಲಿ ಕಂಡದ್ದು ಕ್ಯಾಮರಾದ ಸ್ವಂತ ನೆನಪಿನಿಂದ, ಕಾರ್ಡಿನಿಂದಲ್ಲ. ಅರ್ಧ ಗಂಟೆಯ ವಿಡಿಯೊವೇ ಆರೇಳು ಜಿಬಿ ತಿಂದಿತ್ತು. ಅತ್ತೆಯವರ ಸರದಿ ಬರುವಷ್ಟರಲ್ಲಿ ಜಾಗ ಮುಗಿದಿತ್ತು.

ಮರು ವರ್ಷ ಅತ್ತೆಯವರು ತೀರಿಕೊಂಡರು. ಗೋಡೆಗೆ ಹಾಕಲು ಫೋಟೋ ಹುಡುಕಿದಾಗ ಸಿಕ್ಕಿದ್ದು ಬೆಳಗಿನದು, ಹೋಮದ ಹೊಗೆಗೆ ಹುಬ್ಬು ಗಂಟಿಕ್ಕಿ ಕೂತದ್ದು. ಮಾವನವರು ಒಮ್ಮೊಮ್ಮೆ ಅದನ್ನು ನೋಡಿ "ಇವಳು ಇಷ್ಟು ಸಿಟ್ಟಿನವಳೇನೂ ಆಗಿರಲಿಲ್ಲ" ಅನ್ನುತ್ತಾರೆ. ನನಗೆ 350 ರೂಪಾಯಿ ನೆನಪಾಗುತ್ತದೆ.

ಸರಿ, ಈಗ ಪತ್ರ ಬರೆದ ಸೋದರಿಗೆ ಉತ್ತರ. ಉಳಿತಾಯ ಖಂಡಿತ ಮಾಡಿ, ಆದರೆ ಎಲ್ಲಿ ಎಂದು ನೋಡಿ ಮಾಡಿ. ಕ್ಯಾಮರಾದಲ್ಲೇ ಉಳಿಸಬಹುದು. ಕಂಪೆನಿಗಳೆಲ್ಲ ಈಗ ಮಿರರ್‌ಲೆಸ್ ಎಂಬ ಹೊಸ ಮಾದರಿಯತ್ತ ತಿರುಗಿರುವುದರಿಂದ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮರಾಗಳು ಬಳಸಿದವು ಸಾಕಷ್ಟು ಸಿಗುತ್ತವೆ, ಬೆಲೆಯೂ ಇಳಿದಿದೆ. ಕಲಿಯುವ ಮಗುವಿಗೆ ಅಷ್ಟು ಸಾಕು. ಚೀಲ, ಕುತ್ತಿಗೆಗೆ ಹಾಕುವ ಪಟ್ಟಿ, ಒರೆಸುವ ಬಟ್ಟೆ, ಧೂಳು ಊದುವ ರಬ್ಬರ್ ಬುರುಡೆ, ಇವೆಲ್ಲ ಯಾವ ಹೆಸರಿನದಾದರೂ ನಡೆದೀತು. ಚೀಲವನ್ನಂತೂ ನಾನೇ ಹಳೇ ರಜಾಯಿಯ ಹತ್ತಿ ಹಾಕಿ ಮೆಷಿನ್ನಿನಲ್ಲಿ ಹೊಲಿದೆ. ಆದರೆ ಫೋಟೋ ಹಿಡಿದಿಟ್ಟುಕೊಳ್ಳುವ ಕಾರ್ಡು, ಬೆಂಕಿ ಹಿಡಿಯಬಲ್ಲ ಬ್ಯಾಟರಿ ಮತ್ತು ಚಾರ್ಜರು, ಈ ಮೂರರಲ್ಲಿ ಮಾತ್ರ ಕೈ ಹಿಡಿಯಬೇಡಿ.

ಬಳಸಿದ ಕ್ಯಾಮರಾ ನೋಡಲು ಹೋಗುವಾಗ ಒಂದು ಸಣ್ಣ ಟಾರ್ಚು ಒಯ್ಯಿರಿ. ಲೆನ್ಸ್ ಬಿಚ್ಚಿಸಿ, ಒಂದು ಕಡೆಯಿಂದ ಟಾರ್ಚು ಹಾಕಿ ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ಧೂಳಿನ ಕಣವಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯ ಹಾಗೆ, ಬೇರು ಬಿಟ್ಟ ಹಾಗೆ ಎಳೆ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡವೆಂದು ಎದ್ದು ಬನ್ನಿ. ನಮ್ಮ ಮಲೆನಾಡಿನ ಕಡೆ ಇದು ಬಹಳ. ಸ್ಕೂಟರಿಗೆ ಕಿಲೋಮೀಟರ್ ಇದ್ದ ಹಾಗೆ ಕ್ಯಾಮರಾಕ್ಕೆ ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕವಿರುತ್ತದೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಸುಮಾರು 1 ಲಕ್ಷ ಸಲ ಬಾಳಿಕೆ ಬಂದರೆ ಒಳ್ಳೆಯದೆನ್ನುತ್ತಾರೆ. ನಿಕಾನ್ ಕ್ಯಾಮರಾದಲ್ಲಾದರೆ ತೆಗೆದ ಫೋಟೋದ ಒಳವಿವರದಲ್ಲೇ ಆ ಸಂಖ್ಯೆ ಇರುತ್ತದೆ, ಮಕ್ಕಳು ಹುಡುಕಿಕೊಡುತ್ತಾರೆ. ಕ್ಯಾಮರಾದ ತಳದಲ್ಲಿರುವ ನಂಬರೂ ಹಳೆಯ ಬಿಲ್ಲಿನ ನಂಬರೂ ಒಂದೇ ಇರಬೇಕು. ಬಿಲ್ಲೇ ಇಲ್ಲ ಅಂದರೆ ಅದು ಯಾರ ಮನೆಯ ಮಾಲೋ!

ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ಆಸೆ ತೋರಿಸುತ್ತಾರೆ. "ಬಿಲ್ ಬೇಡಾಂದ್ರೆ ಟ್ಯಾಕ್ಸ್ ಉಳಿಯುತ್ತೆ ಮೇಡಂ" ಅಂತ. ಡಿಜಿಟಲ್ ಕ್ಯಾಮರಾದ ಜಿ.ಎಸ್.ಟಿ. 2019ರ ಜನವರಿಯಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆದರೂ 18 ಎಂದರೆ ಕಡಿಮೆಯೇನಲ್ಲ, ಮನಸ್ಸು ಜಾರುತ್ತದೆ. ಆದರೆ ಬಿಲ್ಲಿಲ್ಲದಿದ್ದರೆ ವಾರಂಟಿಯೂ ಇಲ್ಲ, ದೂರು ಕೊಡಲು ಆಧಾರವೂ ಇಲ್ಲ. ಇನ್ನು ಕೆಲವು ಮಾಲು ಅಸಲಿಯೇ ಇರುತ್ತದೆ, ಹೊರದೇಶದಿಂದ ಪಕ್ಕದ ದಾರಿಯಲ್ಲಿ ಬಂದಿರುತ್ತದೆ. ಕೆಟ್ಟರೆ ಇಲ್ಲಿಯ ಸರ್ವೀಸ್ ಸೆಂಟರಿನವರು ವಾರಂಟಿಯಲ್ಲಿ ಮುಟ್ಟುವುದಿಲ್ಲ. ಡಬ್ಬಿಯ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ತಿಂಗಳು, ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರು, ಇಷ್ಟೂ ಇರಬೇಕೆಂದು ನಮ್ಮ ದೇಶದಲ್ಲಿ ನಿಯಮವಿದೆ. ಬಿಸ್ಕತ್ತಿನ ಪೊಟ್ಟಣದ ಹಿಂದೆ ಓದುತ್ತೇವಲ್ಲ, ಹಾಗೇ ಇದನ್ನೂ ತಿರುಗಿಸಿ ಓದಿ. ನಾನು ತಂದ ಕಾರ್ಡಿನ ಹಿಂದೆ ಇದೊಂದೂ ಇರಲಿಲ್ಲ. ನೋಡಬೇಕೆಂದು ಯಾರು ಹೇಳಿಕೊಟ್ಟಿದ್ದರು?

ಬ್ಯಾಟರಿಯ ಮೇಲೆ ಐಎಸ್ 16046 ಎಂದೂ, ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರೂ ಇರುತ್ತದೆ. ಸರಕಾರದ ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ನಂಬರು ಹೊಡೆದರೆ ಯಾವ ತಯಾರಕರಿಗೆ ಕೊಟ್ಟದ್ದೆಂದು ಬರುತ್ತದೆ. ಚಿನ್ನಕ್ಕೆ ಹಾಲ್‌ಮಾರ್ಕ್ ನೋಡುವವರು ನಾವು, ಇದೇನು ಕಷ್ಟವಲ್ಲ. ಕ್ಯಾಮರಾ ಕಂಪೆನಿಯದೇ ಆಗಬೇಕೆಂದಿಲ್ಲ, ಬೇರೆ ಒಳ್ಳೆಯ ತಯಾರಕರ ಬ್ಯಾಟರಿಗಳೂ ಇವೆ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮಾತ್ರ ಒಂದು ದಿನವೂ ಬಳಸಬೇಡಿ, ಚಾರ್ಜಿಗಂತೂ ಹಾಕಲೇಬೇಡಿ.

ಅಂದ ಹಾಗೆ, ಲೆನ್ಸಿನ ಮುಂದೆ ಹಾಕುವ ಗಾಜನ್ನು "ರಕ್ಷಣೆಗೆ" ಎಂದು ಅಂಗಡಿಯವರು ಬಿಲ್ಲಿಗೆ ಸೇರಿಸಿಬಿಡುತ್ತಾರೆ. ಅಗ್ಗದ ಗಾಜು ಹಾಕಿ ರಾತ್ರಿ ದೀಪಾರತಿಯ ಫೋಟೋ ತೆಗೆದರೆ ಒಂದು ದೀಪಕ್ಕೆ ಎರಡು ದೀಪದ ನೆರಳು ಕಾಣುತ್ತದೆ. ಅದರ ಬದಲು ಲೆನ್ಸಿಗೆ ಸರಿಹೊಂದುವ ಹುಡ್ ಎಂಬ ಪ್ಲಾಸ್ಟಿಕ್ ಬಳೆ ಹಾಕಿದರೆ ಬೆಳಕೂ ತಡೆಯುತ್ತದೆ, ತಾಕಿದರೆ ಪೆಟ್ಟೂ ತಡೆಯುತ್ತದೆ.

ಇನ್ನು ಕಾರ್ಡು. ಎಲ್ಲಿಂದಲೇ ತನ್ನಿ, ಎಷ್ಟೇ ಕೊಡಿ, ತಂದ ದಿನವೇ ಅಳೆಯಿರಿ. ಮನೆಗೆ ಬಂದ ಅಕ್ಕಿಮೂಟೆ ತೂಗಿ ನೋಡುವುದಿಲ್ಲವೇ? ವಿಂಡೋಸ್ ಕಂಪ್ಯೂಟರಿಗೆ ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಪುಕ್ಕಟೆ ಸಾಧನವಿದೆ. ಲಿನಕ್ಸ್, ಮ್ಯಾಕ್ ಇದ್ದವರಿಗೆ ಎಫ್3. ಖಾಲಿ ಕಾರ್ಡನ್ನು ಇದು ಕಂಠದವರೆಗೆ ತುಂಬಿ, ತುಂಬಿದ್ದನ್ನೆಲ್ಲ ತಿರುಗಿ ಓದಿ, ನಿಜವಾಗಿ ಎಷ್ಟು ಹಿಡಿಯಿತೆಂದು ಹೇಳುತ್ತದೆ. 64 ಜಿಬಿಗೆ ಒಂದೆರಡು ಗಂಟೆ ಹಿಡಿಯಬಹುದು. ಇದು ಗೊತ್ತಾಗದಿದ್ದರೆ ಕಂಪ್ಯೂಟರಿನಲ್ಲಿರುವ ಸಿನಿಮಾ, ವಿಡಿಯೊ ಏನಿದೆಯೋ ಎಲ್ಲ ಕಾರ್ಡು ತುಂಬುವವರೆಗೆ ಹಾಕಿ, ಕಾರ್ಡು ತೆಗೆದು ಮತ್ತೆ ಸಿಕ್ಕಿಸಿ, ಮೊದಲಿನದನ್ನೂ ಕೊನೆಯದನ್ನೂ ತೆರೆದು ನಡುನಡುವೆ ಓಡಿಸಿ ನೋಡಿ. ಆನ್‌ಲೈನಿನಲ್ಲಿ ತರಿಸುವವರು ಹೆಸರುವಾಸಿ ತಾಣವೆಂದು ಕಣ್ಣು ಮುಚ್ಚಬೇಡಿ. ಅಲ್ಲಿ ಮಾರುವವರು ನೂರಾರು ಜನ, ಈ ಮಾಲು ಯಾರದ್ದೆಂದು ಬರೆದಿರುತ್ತದೆ, ಓದಿ. ಪೊಟ್ಟಣ ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವಾಪಸು ಕೊಡುವ ಗಡುವಿನೊಳಗೇ ಅಳತೆ ಮುಗಿಸಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಬಿಲ್ಲು ಕೈಯಲ್ಲಿರಲಿ. ನನ್ನ ಕೈಯಲ್ಲಿ ಬಿಲ್ಲೂ ಇರಲಿಲ್ಲ, ತಿಂಗಳು ಬಿಟ್ಟು ಹೋದರೆ ಬಸ್ ಸ್ಟ್ಯಾಂಡಿನಲ್ಲಿ ಆ ಮನುಷ್ಯನೂ ಇರಲಿಲ್ಲ.

ಒಂದು ದೊಡ್ಡ ಕಾರ್ಡಿಗಿಂತ ಎರಡು ಚಿಕ್ಕವು ಮೇಲು. ಊಟಕ್ಕೆ ಮೊದಲು ಒಂದು, ಊಟದ ನಂತರ ಒಂದು. ಕಾರ್ಡಿನ ಮೇಲೆ 10 ಎಂಬ ಅಂಕಿ ಇಂಗ್ಲಿಷಿನ ಸಿ ಅಕ್ಷರದೊಳಗೆ ಇದ್ದರೆ ಮನೆಯ ಫೋಟೋಗಳಿಗೆ ಧಾರಾಳ. ವಿಡಿಯೊ ಹೆಚ್ಚು ತೆಗೆಯುವವರು ವಿ30 ಇರುವುದನ್ನು ಕೇಳಿ.

ಮಳೆಗಾಲ ಬಂತೆಂದರೆ ಕ್ಯಾಮರಾವನ್ನು ಚರ್ಮದ ಚೀಲದಲ್ಲೂ ಬಟ್ಟೆಯ ಬೀರುವಿನಲ್ಲೂ ಇಡಬೇಡಿ. ಉಪ್ಪು ನೀರೊಡೆಯುವ ಮನೆಯಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಗಾಳಿ ಆಡದಂಥ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹರಳಿನ ಪೊಟ್ಟಣಗಳ ಜೊತೆ ಇಡಿ. ಕೆಲವರು ಅಕ್ಕಿ ಹಾಕುತ್ತಾರೆ. ಬೇಡ, ಹಿಟ್ಟಿನ ಧೂಳು ಒಳಗೆ ಸೇರುತ್ತದೆ. ಕಿತ್ತಳೆ ಬಣ್ಣದ ಹರಳು ಕೇಳಿ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಎಂಬ ವಿಷದ ಅಂಶವಿರುತ್ತದೆ. ತೇವ ಹೀರಿ ಬಣ್ಣ ಬದಲಾದಾಗ ಅಡಿಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ, ಹಪ್ಪಳದ ಡಬ್ಬಿ ನೋಡುವಾಗ ಅದನ್ನೂ ನೋಡುತ್ತೇನೆ.

ಈ ಪತ್ರ ಬರೆಯುವಾಗ ಗ್ರೈಂಡರಿನಲ್ಲಿ ನಾಳೆಯ ದೋಸೆ ಹಿಟ್ಟು ತಿರುಗುತ್ತಿದೆ. ನಾಡಿದ್ದು ಶಿರಸಿಯಲ್ಲಿ ಮಾವನವರ ತಂಗಿಯ ಮೊಮ್ಮಗಳ ಮದುವೆ. ಮಗಳು ಹೊಸದಾಗಿ ತರಿಸಿದ ಎರಡು ಕಾರ್ಡುಗಳನ್ನು ಅಳತೆಗೆ ಹಾಕಿದ್ದಾಳೆ. ಒಂದು ಮುಗಿದು ಸರಿಯೆಂದು ಬಂತು. ಇನ್ನೊಂದು ಅರ್ಧದಲ್ಲಿದೆ. ಹೊಸನಗರದ ದೊಡ್ಡಮ್ಮನೂ ಮದುವೆಗೆ ಬರುತ್ತಾರಂತೆ.