ಚಪ್ಪಲಿ ಕಾಯಲು ಅಂಟಾಲ್ಯಕ್ಕೆ ಹೋಗಬೇಕೇ?

ಹಿರಿಯೂರಿನ ಮಕ್ಕಳಿಗೆ ಸಾಗರ ಅಂದರೆ ಮೊದಲು ನೆನಪಿಗೆ ಬರುವುದು ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆಗ ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಯಿಂದೆಲ್ಲ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ಅವರಲ್ಲಿ ನಮ್ಮವರೂ ಇದ್ದರು. ಉಳ್ಳಾಲ, ಸುರತ್ಕಲ್, ಕಾಪು ಕಡೆಯಿಂದ ಘಟ್ಟ ಹತ್ತಿ ಬಂದು ಇಲ್ಲಿ ಬೇಕರಿ, ಹೋಟೆಲು, ಅಡಿಕೆ ವ್ಯಾಪಾರ ಮಾಡಿಕೊಂಡು ನೆಲೆನಿಂತ ಮನೆಗಳವರು. ಅಷ್ಟು ನೀರು ಕಂಡು ಹಿರಿಯರಿಗೆ ಊರಿನ ಕಡಲು ನೆನಪಾಯಿತು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಅದೇ ಕಡಲು.

ಈಗ ಆ ಮಕ್ಕಳಿಗೆ ಬೇರೆ ಕಡಲು ಬೇಕಾಗಿದೆ. ಮೊಬೈಲಿನಲ್ಲಿ ನೀಲಿ ನೀರು, ಬಿಳಿ ಮನೆ, ಸಾಲು ಛತ್ರಿಗಳ ಚಿತ್ರ ದಿನಾ ನೋಡುತ್ತಾರೆ. ಗಲ್ಫಿನಲ್ಲಿರುವ ಚಿಕ್ಕಪ್ಪ ಫೋನ್ ಮಾಡಿ, "ನಾನು ಇಲ್ಲಿಂದ ಬರ್ತೇನೆ, ನೀವು ಅಲ್ಲಿಂದ ಬನ್ನಿ, ನಡುವೆ ಎಲ್ಲಾದರೂ ಸೇರೋಣ" ಅನ್ನುತ್ತಾರೆ. ದುಬೈಯಿಂದ ಅಂಟಾಲ್ಯ, ಅಲೆಕ್ಸಾಂಡ್ರಿಯ ಎಲ್ಲ ನಾಲ್ಕೈದು ಗಂಟೆಯ ವಿಮಾನ. ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ತಮ್ಮನನ್ನು ಹಾಗಾದರೂ ಎಂಟು ದಿನ ನೋಡಬಹುದಲ್ಲ ಎಂದು ಮನೆಯವರೂ ಯೋಚಿಸುತ್ತಾರೆ. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ದುಡಿದವರಿಗೆ ರಜೆ ಬೇಕು, ದೂರ ಇದ್ದವರಿಗೆ ಒಟ್ಟು ಸೇರುವುದು ಬೇಕು.

ಇತ್ತೀಚೆಗೆ ಹೊಸದುರ್ಗದ ಒಂದು ಮನೆಯಲ್ಲಿ ಈ ಮಾತು ಎದ್ದಿತ್ತು. ಅಣ್ಣ ತಮ್ಮ ಫೋನಿನಲ್ಲೇ ಊರು, ತಿಂಗಳು, ಹೋಟೆಲು ಎಲ್ಲ ಮಾತಾಡಿ ಮುಗಿಸಿದ್ದರು. ಅಣ್ಣನ ಹೆಂಡತಿ ಚಹಾ ತಂದಿಟ್ಟು ಕೇಳಿದ್ದು ಇಷ್ಟೇ: "ನಾನು ಅಲ್ಲಿ ಏನು ಮಾಡ್ಲಿ? ಹೋದ ಸಲ ಮಲ್ಪೆಯಲ್ಲಿ ನಿಮ್ಮೆಲ್ಲರ ಚಪ್ಪಲಿ, ಮೊಬೈಲು ಕಾಯ್ತಾ ಕೂತಿದ್ದೆ. ಅದಕ್ಕೆ ಅಷ್ಟು ದೂರ ಯಾಕೆ?"

ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಟಿಕೆಟ್ ಮಾತು ಬೇಡ ಎಂಬುದು ನಮ್ಮ ಅಭಿಪ್ರಾಯ. ಕಡಲಿಗೆ ಹೋಗುವ ಸಂಸಾರದಲ್ಲಿ ನೀರಿಗೆ ಇಳಿಯುವವರು ಯಾರು? ಗಂಡಸರು ಇಳಿಯುತ್ತಾರೆ, ಹುಡುಗರು ಇಳಿಯುತ್ತಾರೆ. ಹನ್ನೆರಡು ದಾಟಿದ ಹುಡುಗಿ, ಅವಳ ತಾಯಿ, ಮಂಡಿನೋವಿನ ಉಮ್ಮ ದಡದಲ್ಲಿ. ಖರ್ಚು ಮಾತ್ರ ತಲೆಗೆ ಒಂದೇ ಸಮ. ಅರ್ಧ ಸಂಸಾರ ದಡದಲ್ಲೇ ಕೂರುವುದಾದರೆ ಆ ಊರು ಎಷ್ಟೇ ಚಂದ ಇದ್ದರೂ ನಮ್ಮ ಮನೆಗೆ ಒಗ್ಗುವ ಊರಲ್ಲ.

ಹಾಗಾಗಿ ದೇಶದ ಹೆಸರು ನೋಡುವ ಮೊದಲು ಹೆಂಗಸರಿಗೆ ಅಲ್ಲಿ ಎಷ್ಟು ಜಾಗ ಇದೆ ಎಂದು ನೋಡಬೇಕು. ಇಲ್ಲಿ ನಮ್ಮ ಲೆಕ್ಕಾಚಾರ ಎರಡೂ ಕಡೆ ತಪ್ಪುತ್ತದೆ. ಫ್ರಾನ್ಸ್ ಅಂದರೆ ಮೈ ಮುಚ್ಚಿದ ಉಡುಪಿನಲ್ಲಿ ಕಡಲಿಗೆ ಬಿಡುವುದೇ ಇಲ್ಲ ಎಂದು ಹಲವರು ನಂಬಿದ್ದಾರೆ. 2016ರ ಬೇಸಿಗೆಯಲ್ಲಿ ಕಾನ್, ನೀಸ್ ಸೇರಿ ಮೂವತ್ತರಷ್ಟು ಊರುಗಳು ಬುರ್ಕಿನಿ ನಿಷೇಧಿಸಿದ್ದು ನಿಜ. ಅದೇ ಆಗಸ್ಟ್ 26ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥ ಒಂದು ಆದೇಶಕ್ಕೆ ತಡೆ ಕೊಟ್ಟಿತು. ಮುಖ ಮುಚ್ಚುವುದಕ್ಕೆ ಮಾತ್ರ 2011ರಿಂದ ಸಾರ್ವಜನಿಕ ಜಾಗಗಳಲ್ಲೆಲ್ಲ ನಿಷೇಧ ಇದೆ. ಕಡಲಲ್ಲಿ ಬಿಟ್ಟರೂ ಊರಿನ ಈಜುಕೊಳದಲ್ಲಿ ಬಿಡುವುದಿಲ್ಲ: ಗ್ರೆನೋಬಲ್ ನಗರ ಅನುಮತಿ ಕೊಟ್ಟಾಗ 2022ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಇನ್ನೊಂದು ಕಡೆ, ಮುಸ್ಲಿಂ ದೇಶ ಅಂದ ಕೂಡಲೇ ಎಲ್ಲ ಸಲೀಸು ಎಂಬ ನಂಬಿಕೆ. ಈಜಿಪ್ಟಿನ ಕೆಲವು ರೆಸಾರ್ಟುಗಳಲ್ಲಿ ಬುರ್ಕಿನಿ ತೊಟ್ಟವರನ್ನು ಈಜುಕೊಳಕ್ಕೆ ಇಳಿಯಬಿಡಲಿಲ್ಲ ಎಂಬ ದೂರುಗಳು ಪತ್ರಿಕೆಗಳಲ್ಲೇ ಬಂದಿವೆ. ದೇಶ ಯಾವುದಾದರೂ ಆಗಲಿ, ಹೋಟೆಲಿಗೆ ಬರೆದು ಕೇಳಬೇಕು, ಉತ್ತರವನ್ನು ಬರಹದಲ್ಲೇ ಪಡೆಯಬೇಕು. ಟ್ರಾವೆಲ್ಸಿನವರ "ಅಲ್ಲಿ ಎಲ್ಲ ಓಕೆ ಸಾರ್" ಎಂಬ ಮಾತು ಸಾಲದು.

ಟರ್ಕಿಯ ಅಂಟಾಲ್ಯ, ಅಲಾನ್ಯ ಕಡೆ ಹೆಂಗಸರಿಗೇ ಬೇರೆ ಈಜುಕೊಳ, ಕೆಲವು ಕಡೆ ಬೇರೆ ಕಡಲತಡಿಯನ್ನೇ ಇಟ್ಟಿರುವ ಹೋಟೆಲುಗಳಿವೆ. ಅಲ್ಲಿ ತಾಯಿ, ಮಗಳು, ಅತ್ತೆ ಮೂವರೂ ನೀರಿಗೆ ಇಳಿಯಬಹುದು. ನಮ್ಮ ಮನೆಗಳಿಗೆ ಆ ತೀರ ಒಗ್ಗುವುದು ಮುಖ್ಯವಾಗಿ ಈ ಕಾರಣಕ್ಕೆ, ಊಟ ಎರಡನೆಯ ಮಾತು. ಉಡುಪಿನ ಬಗ್ಗೆ ಒಂದು ಎಚ್ಚರಿಕೆ: ಹತ್ತಿಯ ಚೂಡಿದಾರ, ಬುರ್ಖಾ ತೊಟ್ಟು ಸೊಂಟಮಟ್ಟದ ನೀರಿಗೆ ಇಳಿಯುವುದು ಅಪಾಯ. ನೆನೆದ ಬಟ್ಟೆ ಭಾರವಾಗಿ ಕಾಲಿಗೆ ಸುತ್ತಿಕೊಂಡು ಎಳೆಯುತ್ತದೆ. ಈಜಿಗೆಂದೇ ಹೊಲಿದದ್ದನ್ನು ತೊಡಬೇಕು.

ಟರ್ಕಿ ಎಂದಾಗ ಇನ್ನೊಂದು ವಿಷಯ ಮುಚ್ಚಿಡುವಂತಿಲ್ಲ. 2025ರ ಮೇ ತಿಂಗಳ ಭಾರತ-ಪಾಕ್ ಸಂಘರ್ಷದಲ್ಲಿ ಟರ್ಕಿ ತಳೆದ ನಿಲುವಿನಿಂದ ನಮ್ಮ ದೇಶದ ಹಲವು ಟ್ರಾವೆಲ್ ಕಂಪನಿಗಳು ಅಲ್ಲಿನ ಪ್ಯಾಕೇಜ್ ಮಾರುವುದನ್ನೇ ನಿಲ್ಲಿಸಿದವು. ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಹಿರಿಯರಿಗೆ ಇದ್ದರೆ ಅದು ಸುಳ್ಳು ಅಳುಕಲ್ಲ. ಹೋಗುವುದು ಬಿಡುವುದು ಮನೆಯವರಿಗೆ ಬಿಟ್ಟದ್ದು, ಆದರೆ ಎಲ್ಲರಿಗೂ ಗೊತ್ತಿದ್ದು ತೀರ್ಮಾನವಾಗಲಿ.

ಅಲ್ಲಿಗೆ ಬೇಡ ಎನ್ನುವವರಿಗೆ ಅದೇ ಕಡಲಿನ ತೆಂಕಣ ದಂಡೆ ಇದೆ. ಟ್ಯುನೀಶಿಯದ ಹಮ್ಮಾಮೆತ್, ಜೆರ್ಬಾ, ಮಹದಿಯಾ ಎಲ್ಲ ಮರಳಿನ ತೀರ. ಮಹದಿಯಾ ಎಂಬ ಹೆಸರಿಗೆ ಮಂಗಳೂರಿನ ನಂಟಿದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಆ ಊರಿನವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದು, ಕಂಚಿನ ಪಾತ್ರೆ ಮಾಡಿಸುತ್ತಾ, ಅಡಿಕೆ, ಮೆಣಸು, ಏಲಕ್ಕಿ ಸಾಗಿಸುತ್ತಾ ಇದ್ದು 1149ರಲ್ಲಿ ಏಡನ್‌ಗೆ ಮರಳಿದ. ಅವನ ಪತ್ರಗಳು ಕೈರೋದ ಹಳೆ ಯಹೂದಿ ಮಂದಿರದಲ್ಲಿ ಸಿಕ್ಕಿದವು. ಅವನನ್ನೂ ಅವನ ಬಂಟ ಬೊಮ್ಮನನ್ನೂ ಹುಡುಕಿಕೊಂಡು ಹೋದ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೊಳಲ್ಕೆರೆಯ ಅಡಿಕೆ ವ್ಯಾಪಾರಿ ಮಹದಿಯಾದ ಮರಳಿನಲ್ಲಿ ಕೂತರೆ ಈ ಕತೆಯನ್ನು ಮಕ್ಕಳಿಗೆ ಹೇಳಬಹುದು.

ಇನ್ನು ತಿಂಗಳಿನ ಮಾತು. ನಮ್ಮಲ್ಲಿ ಹೆಚ್ಚಿನವರು ಎಡವುವುದೇ ಇಲ್ಲಿ. ಶಾಲೆಗೆ ರಜೆ ಏಪ್ರಿಲ್-ಮೇ, ಹಾಗಾಗಿ ಪ್ರವಾಸವೂ ಆಗಲೇ ಎಂದು ಬುಕ್ ಮಾಡುತ್ತಾರೆ. ಚಿತ್ರದುರ್ಗದ ಬಿಸಿಲಿನಲ್ಲಿ ಬೆಂದು ಹೊರಟವರಿಗೆ ಅಲ್ಲಿ ಕಾದಿರುವುದು ತಣ್ಣೀರು. ಏಪ್ರಿಲ್‌ನಲ್ಲಿ ಅಂಟಾಲ್ಯದ ಕಡಲ ನೀರು 17-18 ಡಿಗ್ರಿ. ಮಲ್ಪೆ, ಉಳ್ಳಾಲದ ನೀರು ಆಗ ಮೂವತ್ತರ ಹತ್ತಿರ ಇರುತ್ತದೆ. ಆ ವ್ಯತ್ಯಾಸಕ್ಕೆ ಮಕ್ಕಳ ಹಲ್ಲು ಕಟಕಟ ಅನ್ನುತ್ತದೆ. ಮೆಡಿಟರೇನಿಯನ್ ಕಡಲು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಮಳೆ ಇಲ್ಲದ ಬೇಸಿಗೆ, ನಮ್ಮ ಕರಾವಳಿಗೆ ಸುರಿಮಳೆಯ ಕಾಲ. ಅಕ್ಟೋಬರ್ ಮೊದಲ ವಾರಗಳಲ್ಲೂ ಅಂಟಾಲ್ಯದ ನೀರು 25 ಡಿಗ್ರಿ ಆಸುಪಾಸು ಇರುತ್ತದೆ, ಆಗಸ್ಟ್‌ನ ಜನಜಂಗುಳಿಯೂ ಕರಗಿರುತ್ತದೆ. ಅಂದರೆ ಆ ಕಡಲಿಗೆ ಸರಿಯಾದ ರಜೆ ನಮ್ಮ ದಸರಾ ರಜೆ.

ಆದರೆ ದಸರಾ, ದೀಪಾವಳಿ ಬೇಕರಿಯವರಿಗೆ ಕೈ ತುಂಬ ಕೆಲಸದ ಕಾಲ. ಅಡಿಕೆಯವರಿಗೆ ಕೊಯ್ಲು ಶುರುವಾಗುವ ಹೊತ್ತು. "ಆಗ ಅಂಗಡಿ ಬಿಟ್ಟು ಹೋದರೆ ವರ್ಷ ಪೂರ್ತಿ ಏನು ತಿನ್ನೋದು?" ಎಂದು ಯಜಮಾನರು ಕೇಳಿದರೆ ನಮ್ಮ ಬಳಿಯೂ ಸುಲಭದ ಉತ್ತರ ಇಲ್ಲ. ಅಂಗಡಿಯಲ್ಲಿ ನಂಬಿಕೆಯ ಇನ್ನೊಬ್ಬರಿದ್ದರೆ ಆರು ದಿನ ಬಿಟ್ಟು ಬರಬಹುದು. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಅಷ್ಟು ಖರ್ಚು ಮಾಡಿ ತಣ್ಣೀರು ಮುಟ್ಟಿ ಬರುವುದಕ್ಕಿಂತ ಆ ವರ್ಷ ಬೇರೆ ಏನಾದರೂ ನೋಡಿಕೊಳ್ಳುವುದು ಲೇಸು.

ಊರನ್ನು ಆರಿಸುವಾಗ ದಡ ಎಂಥದ್ದು ಎಂದೂ ಕೇಳಿ. ಚಿತ್ರದಲ್ಲಿ ಎಲ್ಲ ದಡವೂ ಒಂದೇ ಥರ ಕಾಣುತ್ತದೆ. ಅಂಟಾಲ್ಯದಲ್ಲೇ ಕೊನ್ಯಾಲ್ತಿ ಎಂಬುದು ಪೂರ್ತಿ ಬೆಣಚುಕಲ್ಲಿನ ದಡ, ಲಾರಾ ಎಂಬುದು ಮರಳಿನದು. ಫ್ರಾನ್ಸಿನ ನೀಸ್ ಕೂಡ ಕಲ್ಲಿನದೇ. ಕಲ್ಲಿನ ದಡದಲ್ಲಿ ನಾಲ್ಕು ಹೆಜ್ಜೆಗೇ ಆಳ ಬರುವುದುಂಟು, ಉಮ್ಮನಿಗೆ ಬರಿಗಾಲಿನಲ್ಲಿ ನಿಲ್ಲುವುದಕ್ಕೂ ಆಗುವುದಿಲ್ಲ. ನಮ್ಮ ಇಲ್ಲಿನ ಮಕ್ಕಳಿಗೆ ಈಜು ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ಅಜ್ಜ ದೋಣಿಯಲ್ಲಿ ಬೆಳೆದಿರಬಹುದು, ಮೊಮ್ಮಗ ಬೆಳೆದದ್ದು ಬೋರ್‌ವೆಲ್ ನೀರಿನ ಊರಿನಲ್ಲಿ. ಕೆಂಪು ಬಾವುಟ ಹಾರಿಸಿದ ದಿನ ನೀರಿಗೆ ಇಳಿಯುವ ಮಾತೇ ಇಲ್ಲ.

ಹೆಸರು ಕೇಳಿ ಮೋಸ ಹೋಗುವವರೂ ಇದ್ದಾರೆ. ಉಮ್ರಾ ಜೊತೆ ಟರ್ಕಿ ಎಂದು ಪ್ಯಾಕೇಜ್ ಕೊಂಡು, ಬೀಚ್ ಎಲ್ಲಿ ಎಂದು ಇಸ್ತಾಂಬುಲ್‌ನಲ್ಲಿ ಕೇಳಿದವರ ಕತೆ ನಮಗೆ ಗೊತ್ತು. ಇಸ್ತಾಂಬುಲ್ ಇರುವುದು ಮರ್ಮರ ಕಡಲು ಮತ್ತು ಬಾಸ್ಫರಸ್ ದಂಡೆಯಲ್ಲಿ, ಅಲ್ಲಿಂದ ಅಂಟಾಲ್ಯಕ್ಕೆ ಮತ್ತೆ ಒಂದು ಗಂಟೆಗೂ ಮೇಲಿನ ವಿಮಾನ. ಈಜಿಪ್ಟಿನ ಶರ್ಮ್ ಅಲ್ ಶೇಖ್ ಕೆಂಪು ಸಮುದ್ರದ್ದು. ಅದು ಕೆಟ್ಟದೆಂದಲ್ಲ, ಚಳಿಗಾಲದಲ್ಲಿ ಅದೇ ಬೆಚ್ಚಗೆ. ಕೊಳ್ಳುವುದು ಏನೆಂದು ಗೊತ್ತಿರಬೇಕು, ಅಷ್ಟೇ. "ಆಲ್ ಇನ್‌ಕ್ಲೂಸಿವ್" ಅಂದಲ್ಲಿ ಮದ್ಯದ ಬೆಲೆಯೂ ಸೇರಿರುತ್ತದೆ, ನಾವು ಮುಟ್ಟದಿದ್ದರೂ. ಅದಿಲ್ಲದ ದರ ಇದೆಯಾ ಎಂದು ಕೇಳಲು ಸಂಕೋಚ ಬೇಡ. ಗ್ರೀಸ್, ಸ್ಪೇನ್ ಕಡೆ ಹಲಾಲ್ ಮಾಂಸಕ್ಕೆ ಹುಡುಕಾಡಬೇಕಾದರೂ ಮೀನು ಎಲ್ಲೆಡೆ ಸಿಗುತ್ತದೆ. ನಿಂಬೆ, ಎಣ್ಣೆ ಸವರಿ ಸುಟ್ಟ ಮೀನು, ಖಾರ ಇರುವುದಿಲ್ಲ. ಒಂದು ಪೊಟ್ಟಣ ಮೆಣಸಿನ ಪುಡಿ ಬ್ಯಾಗಿನಲ್ಲಿರಲಿ.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ಸ್ಪೇನ್, ಇಟಲಿ, ಗ್ರೀಸ್, ಫ್ರಾನ್ಸ್‌ಗೆಲ್ಲ ಒಂದೇ ಷೆಂಗೆನ್ ವೀಸಾ. ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಗಂಡ ಹೆಂಡತಿ, ಇಬ್ಬರು ಮಕ್ಕಳೆಂದರೆ 270 ಯೂರೊ. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ವೀಸಾ ಕೈಗೆ ಬರುವ ಮುಂಚೆ, ರದ್ದು ಮಾಡಿದರೆ ಹಣ ಬಾರದ ಟಿಕೆಟ್ ಕೊಳ್ಳಬೇಡಿ. ವಿದೇಶಿ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು ಹಿಡಿದುಕೊಳ್ಳುವ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ತರಬಹುದು, ರಸೀದಿ ಇಟ್ಟುಕೊಳ್ಳಿ. ಸಾಲ ಮಾಡಿ, ಚಿನ್ನ ಅಡವಿಟ್ಟು ಕಡಲು ನೋಡುವುದನ್ನು ನಾವು ಒಪ್ಪುವುದಿಲ್ಲ. ಆ ಚಿನ್ನ ಸಾಮಾನ್ಯವಾಗಿ ಯಾರದ್ದು ಎಂಬುದು ಎಲ್ಲರಿಗೂ ಗೊತ್ತು.

ಈ ವರ್ಷ ಆಗುವುದಿಲ್ಲ ಎನ್ನುವವರಿಗೆ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ನಮ್ಮದೇ ಕಡಲು. ಪಡುಬಿದ್ರಿ ಬೀಚಿಗೆ 2020ರಲ್ಲೇ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಸ್ಪೇನ್, ಗ್ರೀಸ್, ಟರ್ಕಿಯ ಬೀಚುಗಳು ಹೆಮ್ಮೆಯಿಂದ ಹಾರಿಸುವ ಬಾವುಟವೂ ಅದೇ. ಡಿಸೆಂಬರ್-ಜನವರಿಯಲ್ಲಿ ನೀರು ಶಾಂತ. ಮಳೆಗಾಲದಲ್ಲಿ ಮಾತ್ರ ಹತ್ತಿರ ಸುಳಿಯಬೇಡಿ. ಉಮ್ಮನ ತವರು ಪಕ್ಕದಲ್ಲೇ ಇದ್ದರೆ ಬೆಳಗಿನ ತಿಂಡಿಗೆ ಪತ್ತಿರ್, ಮೀನು ಸಾರು. ಅಲ್ಲಿಯೂ ಹೆಂಗಸರು ದಡದಲ್ಲೇ ಕೂರುತ್ತಾರಲ್ಲ ಎನ್ನಬಹುದು. ನಿಜ. ಬೆಳಿಗ್ಗೆ ಆರು ಗಂಟೆಗೆ, ಜನ ಬರುವ ಮುಂಚೆ, ಅವರನ್ನು ನೀರಿಗೆ ಬಿಟ್ಟು ಗಂಡಸರು ಚಪ್ಪಲಿ ಕಾಯಲಿ.

ಹೊಸದುರ್ಗದ ಆ ಮನೆಯಲ್ಲಿ ಈಗ ತೀರ್ಮಾನ ಬದಲಾಗಿದೆ. ಏಪ್ರಿಲ್ ಹೋಗಿ ಅಕ್ಟೋಬರ್ ಆಗಿದೆ, ಹೋಟೆಲನ್ನು ಆರಿಸುವ ಕೆಲಸ ಅತ್ತಿಗೆ ನಾದಿನಿಯರ ಕೈಗೆ ಬಂದಿದೆ. ಹೋಟೆಲುಗಳಿಗೆ ಅವರು ಕಳಿಸಿದ ಪ್ರಶ್ನೆಗಳ ಪಟ್ಟಿ ಎರಡು ಪುಟ ಇತ್ತಂತೆ. ನಡುವೆ ಒಂದು ತೊಡಕು ಬಂತು: ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷ ಎಂಬುದು ಯಾರಿಗೂ ನೆನಪಿರಲಿಲ್ಲ, ಎರಡೂ ಮುಗಿದಿದ್ದವು. ಬೀರುವಿನಲ್ಲಿರುವ ನಿಮ್ಮ ಮಕ್ಕಳ ಪಾಸ್‌ಪೋರ್ಟನ್ನೂ ಇವತ್ತೇ ತೆಗೆದು ನೋಡಿ.